ರಾಕ್ ಲೀ ಕಾಲಿಗೆ ಕಟ್ಟಿದ್ದ ಭಾರ

ರಜೆಗೆ ಅಕ್ಕನ ಮಗ ನಮ್ಮನೆಗೆ ಬಂದಿದ್ದ. ಈಗ ಒಂಬತ್ತನೇ ಕ್ಲಾಸು. ಬಂದ ಎರಡನೇ ದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದ, "ಮಾಮ, ಕೊನೆಗೆ ಹೀರೋನೇ ಗೆಲ್ಲೋದು ಅಂತ ಗೊತ್ತಿರುತ್ತಲ್ಲ, ಮತ್ಯಾಕೆ ಐನೂರು ಎಪಿಸೋಡ್ ನೋಡ್ಬೇಕು?" ಅವನ ಕ್ಲಾಸಿನ ಹುಡುಗರೆಲ್ಲ ಇದನ್ನೇ ಹೇಳುತ್ತಾರಂತೆ. ಶೋನೆನ್ ಅನಿಮೆ, ಅಂದರೆ ಹುಡುಗರಿಗಾಗಿ ಮಾಡುವ ಜಪಾನಿ ಕಾರ್ಟೂನ್ ಸರಣಿಗಳ ಹೀರೋಗಳಿಗೆ ಗೆಲುವು ಸುಮ್ನೆ ಸಿಕ್ಕಿಬಿಡುತ್ತದೆ, ಒಂದು ಸಲ ಜೋರಾಗಿ ಕಿರುಚಿದರೆ ಸಾಕು, ಹೊಸ ಶಕ್ತಿ ಬಂದುಬಿಡುತ್ತದೆ ಅಂತ.

ಆಗ ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅವನು ಊರಿಗೆ ಹೋದಮೇಲೂ ತಲೆಯಲ್ಲಿ ಅದೇ ಓಡುತ್ತಿದೆ. ಹಾಸ್ಟೆಲ್ ದಿನಗಳಿಂದ ಇವನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ಹಂಚಿಕೊಂಡು ನೋಡುತ್ತಾ ಬಂದವನು ನಾನು. ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಸೋಲಿನ ಲೆಕ್ಕ ತೆಗೆಯೋಣ. ಗೋಕು ಅನ್ನೋ ಹುಡುಗನ ಕಥೆ ಡ್ರ್ಯಾಗನ್ ಬಾಲ್ ಅನ್ನು ಅಕಿರಾ ತೊರಿಯಾಮಾ ಶುರು ಮಾಡಿದ್ದು 1984ರಲ್ಲಿ. ಆಮೇಲೆ ಬಂದ ಹೀರೋಗಳಿಗೆಲ್ಲ ಗೋಕು ದೊಡ್ಡಣ್ಣ ಇದ್ದ ಹಾಗೆ. ಆ ಗೋಕು ಮೊದಲ ಕುಸ್ತಿ ಟೂರ್ನಮೆಂಟ್‌ನ ಫೈನಲ್‌ನಲ್ಲಿ ಸೋತ. ಸೋಲಿಸಿದ್ದು ವೇಷ ಮರೆಸಿಕೊಂಡು ಬಂದಿದ್ದ ಅವನ ಗುರುವೇ. ಚಿಕ್ಕ ವಯಸ್ಸಿಗೇ ಗೆದ್ದುಬಿಟ್ಟರೆ ಹುಡುಗ ಕಲಿಯುವುದನ್ನು ನಿಲ್ಲಿಸಿಬಿಡುತ್ತಾನೆ ಅನ್ನೋ ಭಯ ಆ ಮುದುಕನಿಗೆ. ಕೊನೆಗೆ ಇಬ್ಬರೂ ಒಟ್ಟಿಗೆ ಹಾರಿ ಒದೆಯುತ್ತಾರೆ, ಇಬ್ಬರೂ ಬೀಳುತ್ತಾರೆ. ಗುರುವಿನ ಕಾಲು ಉದ್ದ, ಹುಡುಗನ ಕಾಲು ಗಿಡ್ಡ. ಅಷ್ಟೇ ವ್ಯತ್ಯಾಸ. ಮುಂದಿನ ಟೂರ್ನಮೆಂಟ್‌ನಲ್ಲೂ ಗೋಕು ಫೈನಲ್‌ಗೆ ಬಂದ. ಅಲ್ಲಿ ಅವನೂ ಎದುರಾಳಿ ತೆನ್‌ಶಿನ್‌ಹಾನ್‌ನೂ ಆಕಾಶದಿಂದ ಕೆಳಗೆ ಬೀಳುತ್ತಿದ್ದಾರೆ, ಮೊದಲು ನೆಲ ಮುಟ್ಟಿದವನು ಸೋತಂತೆ. ಗೋಕು ಬೀಳುತ್ತಾ ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಗೆ ಬಡಿದು ಒಂದು ಕ್ಷಣ ಮುಂಚೆ ನೆಲ ಮುಟ್ಟಿಬಿಟ್ಟ. ಮತ್ತೆ ಸೋಲು. ಗೆದ್ದಿದ್ದು ಮೂರನೇ ಸಲಕ್ಕೆ.

ಹೈಕ್ಯೂ ಅನ್ನೋ ವಾಲಿಬಾಲ್ ಕಥೆಯ ಹಿನಾತಾ ನ್ಯಾಷನಲ್ಸ್ ತನಕ ಬಂದು, ಕ್ವಾರ್ಟರ್ ಫೈನಲ್ ಮಧ್ಯದಲ್ಲಿ ಜ್ವರ ಬಂದು ಕೋರ್ಟಿನಿಂದ ಹೊರಗೆ ಹೋದ. ಅವನ ತಂಡವೂ ಅಲ್ಲೇ ಸೋತಿತು. ನಿಂಜಾ ಹುಡುಗ ನರುತೋ ತನ್ನ ಕಥೆಯ ಮೊದಲ ಭಾಗದ ಕೊನೆಯಲ್ಲಿ ಗೆಳೆಯ ಸಾಸುಕೆ ಕೈಯಲ್ಲಿ ಸೋತು ಮಳೆಯಲ್ಲಿ ಬಿದ್ದಿರುತ್ತಾನೆ. ಹಾಗಾಗಿ ಹೀರೋಗಳು ಸೋಲುವುದೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆದರೂ ಆ ಹುಡುಗರು ಹೇಳಿದ್ದರಲ್ಲಿ ಒಂದು ನಿಜ ಇದೆ. ಅದು ನನಗೂ ಚುಚ್ಚಿದ್ದೇ.

ಶೋನೆನ್ ಅಂದರೆ ಜಪಾನಿ ಭಾಷೆಯಲ್ಲಿ ಹುಡುಗ. ಈ ಕಥೆಗಳಲ್ಲಿ ಹೆಸರುವಾಸಿಯಾದ ಹಲವು ಬಂದಿದ್ದು 1968ರಲ್ಲಿ ಶುರುವಾದ ಶೋನೆನ್ ಜಂಪ್ ಅನ್ನೋ ಪತ್ರಿಕೆಯಿಂದ. ಗೆಳೆತನ, ಶ್ರಮ, ಗೆಲುವು, ಈ ಮೂರೇ ಆ ಪತ್ರಿಕೆಯ ಮಂತ್ರ. ಶ್ರಮ ಆದಮೇಲೆ ಗೆಲುವು. ಆ ಮಾತು ಕೊಟ್ಟೇ ನಮ್ಮನ್ನು ಕೂರಿಸಿಕೊಂಡಿದ್ದು, ಅಲ್ವಾ?

ನರುತೋ ಆ ಮಾತನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿತ್ತು ಅಂದರೆ, ಅಂಗೈಯಲ್ಲಿ ಶಕ್ತಿಯನ್ನು ಚೆಂಡಿನಂತೆ ತಿರುಗಿಸುವ ರಾಸೆಂಗಾನ್ ವಿದ್ಯೆಯನ್ನು ಅವನು ಕಲಿಯುವ ಭಾಗವನ್ನು ಇನ್ನೊಂದು ಸಲ ನೋಡಿ. ಮೊದಲು ನೀರು ತುಂಬಿದ ಬಲೂನು. ಅದನ್ನು ಅಂಗೈಯಲ್ಲಿ ಹಿಡಿದು, ಬರೀ ಒಳಗಿನ ನೀರನ್ನು ತಿರುಗಿಸಿಯೇ ಒಡೆಯಬೇಕು. ಹುಡುಗನಿಗೆ ಎಷ್ಟು ಒದ್ದಾಡಿದರೂ ಆಗುವುದಿಲ್ಲ. ಒಂದು ಬೆಕ್ಕು ಬಲೂನಿನ ಜೊತೆ ಆಡುತ್ತಾ ಆ ಕಡೆಯಿಂದ ಈ ಕಡೆಯಿಂದ ತಟ್ಟುವುದನ್ನು ನೋಡಿದ ಮೇಲೆ ಅವನಿಗೆ ಹೊಳೆಯುತ್ತದೆ, ನೀರನ್ನು ಒಂದೇ ಕಡೆಗಲ್ಲ, ಎಲ್ಲ ಕಡೆಗೂ ತಿರುಗಿಸಬೇಕು ಅಂತ. ಆಮೇಲೆ ರಬ್ಬರ್ ಚೆಂಡು. ಅದಾದಮೇಲೆ ಗಾಳಿ ತುಂಬಿದ ಬಲೂನು, ಅದು ಮಾತ್ರ ಒಡೆಯಬಾರದು. ಇಷ್ಟೆಲ್ಲ ಮಾಡಿಯೂ ಒಂದು ಕೈಯಲ್ಲಿ ಬರುವುದಿಲ್ಲ, ತನ್ನದೇ ನಕಲು ಮಾಡಿಕೊಂಡು ಅದರ ಕೈ ಸಹಾಯ ತಗೋತಾನೆ. ಅವತ್ತು ಶತ್ರು ಕಬುತೋಗೆ ಅದರಲ್ಲಿ ಹೊಡೆದಾಗ ನಾವು ಹಾಸ್ಟೆಲ್ ರೂಮಿನಲ್ಲಿ ಎದ್ದು ಕುಣಿದಿದ್ದೆವು. ಆ ಗೆಲುವಿನ ಒಂದೊಂದು ಮೆಟ್ಟಿಲೂ ನಮ್ಮ ಕಣ್ಣೆದುರೇ ಕಟ್ಟಿದ್ದು.

ಇನ್ನು ಅದೇ ಕಥೆಯ ರಾಕ್ ಲೀ. ಮಾಯೆ ಮಂತ್ರ ಒಂದೂ ಬಾರದ ಹುಡುಗ. ಬರೀ ಕೈಕಾಲು. ನಿಂಜಾಗಳು ಮೇಲಿನ ದರ್ಜೆಗೆ ಏರಲು ಬರೆಯುವ ಚೂನಿನ್ ಪರೀಕ್ಷೆಯಲ್ಲಿ, ಮರಳನ್ನೇ ಆಯುಧ ಮಾಡಿಕೊಂಡ ಗಾರಾನ ಮುಂದೆ ಏನು ಮಾಡಿದರೂ ನಡೆಯದಿದ್ದಾಗ ಗೈ ಮೇಷ್ಟ್ರು ಮೇಲಿನಿಂದ ಹೇಳುತ್ತಾರೆ, ಬಿಚ್ಚು ಅಂತ. ಲೀ ಕಾಲಿಗೆ ಕಟ್ಟಿದ್ದ ಭಾರ ಬಿಚ್ಚಿ ಕೆಳಗೆ ಬಿಡುತ್ತಾನೆ. ನೆಲ ಒಡೆದು ಧೂಳು ಮೇಲೆದ್ದಾಗ ಅಲ್ಲಿದ್ದವರ ಬಾಯಿ ಕಟ್ಟಿಹೋಗುತ್ತದೆ. ಇಷ್ಟು ವರ್ಷ ಈ ಹುಡುಗ ಇದನ್ನು ಹೊತ್ತುಕೊಂಡು ಓಡಾಡುತ್ತಿದ್ದನಾ! ಮೈಯ ಶಕ್ತಿಯನ್ನು ತಡೆದಿಟ್ಟ ಐದು ದ್ವಾರ ತೆಗೆದು ಹೊಡೆದರೂ ಕೊನೆಗೆ ಸೋಲುತ್ತಾನೆ. ಎಡಗೈ, ಎಡಗಾಲು ಪುಡಿ. ಆದರೂ ಎದ್ದು ನಿಲ್ಲುತ್ತಾನೆ, ಅಷ್ಟೊತ್ತಿಗೆ ಪ್ರಜ್ಞೆಯೇ ಇಲ್ಲ. ಮೇಷ್ಟ್ರು ಅಳುತ್ತಾ ತಬ್ಬಿಕೊಳ್ಳುತ್ತಾರೆ. ಇವತ್ತಿಗೂ ಅದನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತದೆ.

ಆ ಪರೀಕ್ಷೆಯಲ್ಲಿ ಪಾಸಾಗಿದ್ದು ಯಾರು ಗೊತ್ತಾ? ಗೆಲ್ಲುವ ಹಂತದಲ್ಲಿದ್ದ ಆಟವನ್ನು, ಇನ್ನು ನನ್ನಲ್ಲಿ ಶಕ್ತಿ ಉಳಿದಿಲ್ಲ ಅಂತ ಲೆಕ್ಕ ಹಾಕಿ ಬಿಟ್ಟುಕೊಟ್ಟ ಶಿಕಾಮಾರು. ಅವನೊಬ್ಬನೇ. ಅಂಥ ಕಥೆ ಅದು.

ಅದೇ ಕಥೆ ಮುಂದೆ ಏನಾಯಿತು? ಮೂರು ಸಲ ಫೇಲಾದ, ಯಾರಿಗೂ ಬೇಡವಾದ ಹುಡುಗ ನರುತೋ ನಾಲ್ಕನೇ ಹೊಕಾಗೆಯ, ಅಂದರೆ ಊರಿನ ನಿಂಜಾ ಮುಖ್ಯಸ್ಥನ, ಮಗ ಅಂತ ಗೊತ್ತಾಯಿತು. ಅದಾದರೂ ಇರಲಿ. ಯುದ್ಧದ ಕೊನೆಗೆ ಬರುವಷ್ಟರಲ್ಲಿ ಅವನು ಆರು ಪಥಗಳ ಋಷಿಯ ಮಗ ಅಶುರನ ಮರುಹುಟ್ಟು ಅಂತಾಯಿತು. ಆ ಋಷಿಯೇ ಬಂದು ಶಕ್ತಿ ಕೊಟ್ಟು ಹೋದ. ಹಣೆಬರಹ ಬದಲಾಗದು ಅಂತ ನಂಬಿದ್ದ ನೇಜಿಗೆ ಎದುರು ನಿಂತು, ಹಣೆಬರಹ ಅನ್ನೋದು ಹುಟ್ಟಿನಲ್ಲೇ ಬರೆದಿಟ್ಟಿದ್ದಲ್ಲ ಅಂತ ತೋರಿಸಿಕೊಟ್ಟಿದ್ದು ಇದೇ ನರುತೋ. ಆ ಮಾತು ನಂಬಿದ ನೇಜಿ ಯುದ್ಧದಲ್ಲಿ ಸತ್ತ. ನಂಬಿಸಿದವನು ಹುಟ್ಟಿನಿಂದಲೇ ದೊಡ್ಡವನಾದ.

ನನಗೆ ನೋವಾಗಿದ್ದು ಇಲ್ಲಿ. ಹೀರೋ ಗೆಲ್ಲಲಿ, ನೂರು ಸಲ ಗೆಲ್ಲಲಿ. ಆದರೆ ಬಲೂನು ಒಡೆಯೋಕೆ ಕಲಿತ ಕೈಯಿಂದ ಗೆಲ್ಲಬೇಕು, ಯಾರದೋ ವಂಶದ ಕೈಯಿಂದಲ್ಲ. ಅನಿಮೆ ಅಭಿಮಾನಿ ಗೆಳೆಯರು ಇದಕ್ಕೆ ಒಂದು ಉತ್ತರ ಕೊಡುತ್ತಾರೆ, ಅಶುರ ಕೂಡ ಹುಟ್ಟಾ ಜಾಣನಲ್ಲ, ಕಷ್ಟಪಟ್ಟೇ ಮೇಲೆ ಬಂದವನು ಅಂತ. ನಿಜ. ಆದರೆ ಅದು ಅಶುರನ ಕಷ್ಟ. ಅದರ ಫಲವನ್ನು ನರುತೋಗೆ ಕೊಟ್ಟರೆ ಲೆಕ್ಕ ಸರಿಹೋಗುವುದಿಲ್ಲ.

ಹೀಗೆ ಯಾಕಾಗುತ್ತದೆ ಅನ್ನುವುದೂ ಅರ್ಥವಾಗುತ್ತದೆ. ವಾರಕ್ಕೊಂದು ಕಂತು, ಸುಮಾರು 19 ಪುಟ. ಯಾವ ಕಥೆ ಇಷ್ಟವಾಯಿತು ಅಂತ ಓದುಗರು ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದರು, ಕೆಳಗಿಳಿದ ಕಥೆ ನಿಂತೇ ಹೋಗುತ್ತಿತ್ತು. ಗೆದ್ದ ಕಥೆಯನ್ನು ನಿಲ್ಲಿಸುವ ಹಾಗಿಲ್ಲ. ನರುತೋ 1999ರಿಂದ 2014ರ ತನಕ 700 ಕಂತು ಓಡಿತು. ಪ್ರತಿ ಸಲ ಹೋದ ಸಲಕ್ಕಿಂತ ಜಾಸ್ತಿ ಬಲದ ವಿಲನ್ ಬೇಕು. ಬೆಟ್ಟದಷ್ಟು ದೊಡ್ಡ ವಿಲನ್ ಎದುರು ನಿಂತಾಗ ಹೀರೋ ನೀರಿನ ಬಲೂನಿನಿಂದ ಮತ್ತೆ ಶುರು ಮಾಡೋಕೆ ಎಲ್ಲಿದೆ ಸಮಯ? ಆಗ ಹತ್ತಿರದ ದಾರಿ ಅಪ್ಪ, ತಾತ, ಹಿಂದಿನ ಜನ್ಮ. ಬರೆಯುವವರ ಕಷ್ಟ ಗೊತ್ತಾಗುತ್ತದೆ. ಆದರೂ ಬೇಜಾರು ಹೋಗುವುದಿಲ್ಲ.

ಒನ್ ಪೀಸ್ ಅನ್ನೋ ಕಡಲ್ಗಳ್ಳರ ಕಥೆಯಲ್ಲೂ ಇದೇ. ಅದರ ಹೀರೋ, ಹಣ್ಣು ತಿಂದು ರಬ್ಬರ್ ಮೈ ಪಡೆದ ಲೂಫಿ, ವಿಲನ್ ಕ್ರೊಕೊಡೈಲ್ ಎದುರು ಎರಡು ಸಲ ಸೋತವನು. ಮರಳಿನ ಮೈ ಕ್ರೊಕೊಡೈಲ್‌ನದು, ಹೊಡೆದರೆ ಏಟೇ ತಾಗುವುದಿಲ್ಲ. ಒದ್ದೆಯಾದರೆ ಮಾತ್ರ ತಾಗುತ್ತದೆ. ಎರಡನೇ ಸಲ ಲೂಫಿ ಬೆನ್ನಿಗೆ ನೀರಿನ ಪೀಪಾಯಿ ಕಟ್ಟಿಕೊಂಡು ಬಂದ. ಮೂರನೇ ಸಲ ನೀರೂ ಇಲ್ಲ. ತನ್ನ ಮುಷ್ಟಿಗೆ ಹತ್ತಿದ್ದ ತನ್ನದೇ ರಕ್ತದ ಒದ್ದೆಯಿಂದ ಹೊಡೆದ. ಇಷ್ಟು ಒಳ್ಳೆಯ ಗೆಲುವು ನಾನು ನೋಡಿದ್ದು ಕಡಿಮೆ. ಅದೇ ಲೂಫಿ ತಿಂದಿದ್ದು ಬರೀ ರಬ್ಬರ್ ಹಣ್ಣಲ್ಲ, ಒಬ್ಬ ದೇವರ ಹೆಸರಿನ ಹಣ್ಣು ಅಂತ 2022ರಲ್ಲಿ ಗೊತ್ತಾದಾಗ ಜಗತ್ತೆಲ್ಲ ಕುಣಿಯಿತು. ನಾನು ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದೆ.

ಮೊನ್ನೆ ಅಳಿಯನಿಗೆ ಫೋನ್ ಮಾಡಿ ಸ್ಲ್ಯಾಮ್ ಡಂಕ್ ಓದು ಅಂದೆ. ತಾಕೆಹಿಕೊ ಇನೊಯೆ ಬರೆದ ಬ್ಯಾಸ್ಕೆಟ್‌ಬಾಲ್ ಕಥೆ, 31 ಸಂಪುಟ, 1996ಕ್ಕೆ ಮುಗಿದಿದ್ದು. ಅದರಲ್ಲಿ ಸಕುರಾಗಿ ಅನ್ನೋ ಕೆಂಪು ಕೂದಲಿನ ಒರಟ ಇದ್ದಾನೆ. ಬ್ಯಾಸ್ಕೆಟ್‌ಬಾಲ್ ಶುರು ಮಾಡಿ ಕೆಲವೇ ತಿಂಗಳು. ನ್ಯಾಷನಲ್ಸ್‌ಗೆ ಮುಂಚೆ ಒಂದೇ ಶಾಟ್ ಅನ್ನು 20,000 ಸಲ ಹೊಡೆಯುತ್ತಾನೆ. ದೇಶದ ಚಾಂಪಿಯನ್ ಸನ್ನೋ ತಂಡದ ಎದುರು ಕೊನೆಯ ಸೆಕೆಂಡುಗಳು, ಒಂದು ಪಾಯಿಂಟ್ ಹಿಂದೆ. ಅವನ ಬೆನ್ನು ಆಗಲೇ ಹೋಗಿದೆ. ಚೆಂಡು ಕೈಗೆ ಬರುತ್ತದೆ. ಅವನು ಹೊಡೆಯುವುದು ಆ 20,000 ಸಲ ಹೊಡೆದ ಶಾಟನ್ನೇ, ಬೇರೆ ಏನೂ ಇಲ್ಲ. 79-78. ಅದಾದಮೇಲೆ ಅವನು ತನಗೆ ಎಂದೂ ಸೇರದ ತಂಡದ ಆಟಗಾರ ರುಕಾವಾ ಜೊತೆ ಒಂದೇ ಒಂದು ಸಲ ಕೈಗೆ ಕೈ ಹೊಡೆಯುತ್ತಾನೆ, ಆ ಪುಟಗಳಲ್ಲಿ ಒಂದು ಮಾತೂ ಇಲ್ಲ.

"ಆಮೇಲೆ ಕಪ್ ಗೆದ್ರಾ ಮಾಮ?" ಅಂದ.

ಇಲ್ಲ ಕಣೋ. ಇದ್ದಬದ್ದ ಶಕ್ತಿಯೆಲ್ಲ ಆ ಪಂದ್ಯಕ್ಕೇ ಸುರಿದಿದ್ದರು. ಮುಂದಿನ ಪಂದ್ಯದಲ್ಲಿ ಹೀನಾಯವಾಗಿ ಸೋತರು. ಆ ಸೋಲನ್ನು ಇನೊಯೆ ಚಿತ್ರದಲ್ಲೂ ತೋರಿಸಲಿಲ್ಲ, ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಟ್ಟರು. ಸನ್ನೋ ಗೆದ್ದ ದಿನ ತಂಡದ ಒಂದು ಫೋಟೋ ತೆಗೆದಿರುತ್ತಾರೆ, ಪತ್ರಿಕೆಯ ಮುಖಪುಟಕ್ಕೆ ಅಂತ. ಅದು ಯಾವತ್ತೂ ಮುಖಪುಟಕ್ಕೆ ಬರಲಿಲ್ಲ.

ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಒಂದನೇ ಸಂಪುಟ ಎಲ್ಲಿ ಸಿಗುತ್ತೆ?" ಅಂತ ಕೇಳಿದ.