‘ಹೆದರಿಕೆ ಇಲ್ಲದಿದ್ದರೆ ತಪ್ಪು ಜಾಸ್ತಿ’ ಮೆಸೇಜ್ ಬಗ್ಗೆ ಸ್ಪಷ್ಟನೆ

“ಸೂಪರ್‌ವೈಸರ್ ಹೆದರಿಕೆ ಇಲ್ಲದ ಕಡೆ ಕೆಲಸದವರು ಜಾಸ್ತಿ ತಪ್ಪು ಮಾಡುತ್ತಾರೆ, ಹಾರ್ವರ್ಡ್ ಅಧ್ಯಯನವೇ ಹೇಳಿದೆ” ಅಂತ ಒಂದು ಮೆಸೇಜ್ ಬದಿಯಡ್ಕ, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಅಧ್ಯಯನ ಇರುವುದು ನಿಜ. ಹಾರ್ವರ್ಡ್ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ಅದನ್ನು 1996ರಲ್ಲಿ ಪ್ರಕಟಿಸಿದರು. 2 ಆಸ್ಪತ್ರೆಗಳ 8 ವಾರ್ಡುಗಳಲ್ಲಿ ಮದ್ದು ಕೊಡುವಾಗ ಆಗುವ ತಪ್ಪುಗಳ ಲೆಕ್ಕ ಅದು. ಒಳ್ಳೆಯ ಮುಖ್ಯಸ್ಥರಿದ್ದ ವಾರ್ಡುಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಮೆಸೇಜ್ ಇಲ್ಲಿಗೇ ನಿಲ್ಲುತ್ತದೆ. ಅಧ್ಯಯನ ನಿಲ್ಲುವುದಿಲ್ಲ. ಅಲ್ಲಿ ಬೈಗುಳದ ಹೆದರಿಕೆ ಇರಲಿಲ್ಲ, ಹಾಗಾಗಿ ನರ್ಸ್‌ಗಳು ತಪ್ಪನ್ನು ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು ಎಂಬುದು ಎಡ್ಮಂಡ್‌ಸನ್ ವಿವರಣೆ. ತಪ್ಪು ಮಾಡುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಅಲ್ವಾ?

8 ವಾರ್ಡು ಸಣ್ಣ ಲೆಕ್ಕವೇ. ಆದರೆ 1999ರಲ್ಲಿ ಒಂದು ಕಾರ್ಖಾನೆ ಕಂಪನಿಯ 51 ತಂಡಗಳಲ್ಲೂ ಅವರಿಗೆ ಕಂಡದ್ದು ಇಂಥದ್ದೇ. ಧೈರ್ಯವಾಗಿ ಮಾತಾಡಬಹುದು ಅನ್ನಿಸಿದ ಕಡೆ ಕೇಳಿ ತಿಳಿಯುವುದು, ಹೊಸದು ಮಾಡಿ ನೋಡುವುದು ಜಾಸ್ತಿ.

ನಮ್ಮ ಅಡಿಕೆ ಗೋದಾಮಿನಲ್ಲೂ ಮೊನ್ನೆ ಚಾಲಿ (ಒಣಗಿಸಿ ಸುಲಿದ ಒಳ್ಳೆಯ ಅಡಿಕೆ) ಚೀಲಕ್ಕೆ ಕರಿಗೋಟು (ಕಪ್ಪಾದ ಕಳಪೆ ಅಡಿಕೆ) ಸೇರಿಹೋಗಿತ್ತು. ಅಡಿಕೆ ಹೆಕ್ಕುವ ಅಕ್ಕ ತಾವೇ ಹೊಲಿಗೆ ಬಿಚ್ಚಿ, ಒಂದು ಹಿಡಿ ತಂದು ಮೇಜಿನ ಮೇಲೆ ಸುರಿದರು. “ನನ್ನ ಕೈತಪ್ಪು, ಇನ್ನೆರಡು ಚೀಲವೂ ನೋಡ್ತೇನೆ” ಅಂದರು. ಯಾರೂ ಹೇಳಿರಲಿಲ್ಲ. ಹಿಂದಿನ ಸೂಪರ್‌ವೈಸರ್ ಕಾಲದಲ್ಲಾದರೆ ಆ ಚೀಲ ಲಾರಿ ಹತ್ತಿರುತ್ತಿತ್ತು.

ಆ ಮೆಸೇಜನ್ನು ದಯವಿಟ್ಟು ಇನ್ನು ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.