ಕುಲಾವಿಯ ಅಳತೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂಬ ಗಾದೆಯನ್ನು ನಾವು ಆತುರಗಾರರನ್ನು ಗದರಲು ಬಳಸುತ್ತೇವೆ. ಅದನ್ನು ಕಟ್ಟಿದವನು ದರ್ಜಿಯೇ ಇರಬೇಕೆಂದು ನನ್ನ ಗುಮಾನಿ. ತಲೆಯೇ ಕಣ್ಣಿಗೆ ಬೀಳದೆ ಪಾಪ ಟೇಪು ಹಿಡಿಯುವುದಾದರೂ ಎಲ್ಲಿಗೆ? ಕೈ ಬಿಗಿ ಹಿಡಿದು ಸಂಸಾರ ನಡೆಸುವ ಮನೆಯಲ್ಲಿ ಮಕ್ಕಳ ಹವ್ಯಾಸದ ಲೆಕ್ಕ ತಪ್ಪುವುದೂ ಹೆಚ್ಚಾಗಿ ಈ ಟೇಪಿನ ವಿಷಯದಲ್ಲೇ.

ಸೋಮವಾರ ಮಗು ‘ಗಿಟಾರ್ ಕಲೀತೀನಿ’ ಅನ್ನುತ್ತದೆ. ಭಾನುವಾರದ ಹೊತ್ತಿಗೆ ಗಿಟಾರು, ಅದರ ಚೀಲ, ಸ್ಟ್ಯಾಂಡು, ಬಣ್ಣದ ಪಟ್ಟಿ ಎಲ್ಲ ಮನೆ ಸೇರಿರುತ್ತವೆ. ಮೂರನೇ ವಾರಕ್ಕೆ ಗಿಟಾರು ಮೂಲೆಗೆ ಒರಗುತ್ತದೆ. ‘ಆರಂಭಶೂರತ್ವ’ ಎಂದು ದೊಡ್ಡವರು ತೀರ್ಪು ಕೊಡುತ್ತಾರೆ. ತೀರ್ಪು ಕೊಡುವ ಮುಂಚೆ ಒಂದು ಸ್ಕೇಲು ತಂದು ಹನ್ನೆರಡನೇ ಫ್ರೆಟ್ಟಿನ, ಅಂದರೆ ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ, ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ಅದು 3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಪುಟ್ಟ ಬೆರಳು ತಂತಿಯನ್ನು ಒತ್ತುವುದು ಶಿಕ್ಷೆಯೇ. ತೀರಾ ಅಗ್ಗದ ವಾದ್ಯಗಳಲ್ಲಿ ಈ ತಂತಿ ಕೊಡೆ ಹಿಡಿದಷ್ಟು ಮೇಲಿರುತ್ತದೆ. ಸರಿಯಾದ ಗಿಟಾರಿನಲ್ಲೂ ಬೆರಳತುದಿ ಗಟ್ಟಿಯಾಗಲು ಕೆಲವು ವಾರ ಬೇಕು. ಎತ್ತರದ ತಂತಿಯಲ್ಲಿ ಗಟ್ಟಿಯಾಗುವ ಮೊದಲೇ ಮಗುವಿನ ಮನಸ್ಸು ಮುರಿದಿರುತ್ತದೆ. ಆದ್ದರಿಂದ ಮೊದಲ ಗಿಟಾರಿಗೆ ನೈಲಾನ್ ತಂತಿಯದೇ ಲೇಸು. ಅದರಲ್ಲಿ ತಂತಿ ತುಸು ಮೇಲಿದ್ದರೂ ಎಳೆತ ಕಡಿಮೆ, ಬೆರಳಿಗೆ ಮೆತ್ತಗೆ. ಅದರ ಮೇಲೆ ಉಕ್ಕಿನ ತಂತಿ ಏರಿಸುವ ಆಸೆ ಮಾತ್ರ ಬೇಡ; ಆ ಬಿಗಿತಕ್ಕೆ ಕುದುರೆ, ಅಂದರೆ ತಂತಿ ಕಟ್ಟುವ ಬ್ರಿಡ್ಜು, ಮೇಲ್ಹಲಗೆಯಿಂದ ಕಿತ್ತುಬರಬಹುದು.

ಪಿಟೀಲಿನದು ಇನ್ನೊಂದು ಬಗೆಯ ಅಳತೆ. ಅದು ಮಗುವಿನ ಅಂಗಿಯಂತೆ ಸೈಜು ಸೈಜಿನಲ್ಲಿ ಬರುತ್ತದೆ: 1/16, 1/8, 1/4, 1/2, 3/4, ಕೊನೆಗೆ ಪೂರ್ತಿಯದು. ಭಿನ್ನರಾಶಿಯನ್ನು ನಂಬಿದರೆ ಕೆಟ್ಟಿರಿ. ಪೂರ್ತಿ ಪಿಟೀಲಿನ ಒಡಲು ಸುಮಾರು 14 ಅಂಗುಲವಾದರೆ ‘ಅರ್ಧ’ದ್ದು ಸುಮಾರು ಹನ್ನೆರಡೂವರೆ! ವಯಸ್ಸು ನೋಡಿ ಆರಿಸುವುದೂ ದಂಡ. ಪಿಟೀಲನ್ನು ಭುಜದ ಮೇಲಿಟ್ಟು ಎಡಗೈ ಚಾಚಿಸಿ. ಅದರ ತುದಿಯ ಸುರುಳಿ ಅಂಗೈಯೊಳಗೆ ಕೂರಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು. ‘ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ’ ಎಂದರೆ ಬೆರಳು ಸ್ವರಸ್ಥಾನ ಮುಟ್ಟದೆ ಮಣಿಕಟ್ಟು ತಿರುಚಿಕೊಳ್ಳುತ್ತದೆ, ಆ ತಿರುಚನ್ನು ಆಮೇಲೆ ಬಿಡಿಸುವುದು ಕಷ್ಟ. ಒಂದೊಂದು ಸೈಜು ಕೆಲವೇ ವರ್ಷದ ನೆಂಟ. ಬಾಡಿಗೆಗೋ ಎರವಲಿಗೋ ಸಿಗುವಲ್ಲಿ ಪೂರ್ತಿ ಸೈಜು ಬರುವವರೆಗೂ ಕೊಳ್ಳದಿರುವುದೇ ಜಾಣತನ.

ಸೈಕಲ್ಲಿನ ವಿಷಯದಲ್ಲಿ ಈ ‘ದೊಡ್ಡದೇ ಇರಲಿ’ ಸೀದಾ ಮೊಣಕಾಲಿನ ಚರ್ಮ ಸುಲಿಯುತ್ತದೆ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತೊಡೆಸಂದಿಗೆ ಒಂದು ಪುಸ್ತಕವನ್ನು ಅಡ್ಡಲಾಗಿ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. ಕಲಿಯುವವರ ಸೀಟು ಅದಕ್ಕಿಂತ ಮೇಲಿರಬಾರದು, ಎರಡು ಪಾದವೂ ಪೂರ್ತಿ ನೆಲಕ್ಕೆ ಊರಬೇಕು. ಬೆಳೆದಂತೆ ಸೀಟು ಏರಿಸಬಹುದು, ಆದರೆ ಸೀಟಿನ ಕೊಳವೆಯ ಮೇಲೆ ಕೊರೆದ ಗೆರೆ ಹೊರಗೆ ಕಾಣಿಸಿತೆಂದರೆ ಆ ಸೈಕಲ್ಲಿನ ಆಯಸ್ಸು ಆ ಮಗುವಿಗೆ ಮುಗಿಯಿತೆಂದೇ ಅರ್ಥ. ಅದನ್ನು ಮೀರಿ ಎಳೆದರೆ ಕೊಳವೆ ಬಾಗುತ್ತದೆ ಇಲ್ಲವೇ ಕಳಚಿಕೊಳ್ಳುತ್ತದೆ.

ಸಮತೋಲ ಕಲಿಸಲು ಪಕ್ಕದ ಪುಟ್ಟ ಚಕ್ರಗಳೂ ಬೇಡ, ಪೆಡಲಿಲ್ಲದ ವಿಶೇಷ ಸೈಕಲ್ಲೂ ಬೇಡ. ಇರುವ ಸೈಕಲ್ಲಿನ ಪೆಡಲ್ಲುಗಳನ್ನೇ ಬಿಚ್ಚಿ ತೆಗೆದಿಡಿ. ಹೆಚ್ಚಿನವಕ್ಕೆ 15 ಮಿಲಿಮೀಟರಿನ ಸ್ಪ್ಯಾನರು ಸಾಕು. ಬಲಗಡೆಯದು ಎಲ್ಲ ತಿರುಪಿನಂತೆ ಬಿಚ್ಚಿಕೊಳ್ಳುತ್ತದೆ. ಎಡಗಡೆಯದು ಮಾತ್ರ ಉಲ್ಟಾ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೇ ಸಡಿಲವಾಗುವುದು. ಇದು ಗೊತ್ತಿಲ್ಲದೆ ಬಿಚ್ಚುತ್ತಿದ್ದೇನೆಂದುಕೊಂಡು ಇನ್ನಷ್ಟು ಬಿಗಿದು ಬೆವರಿದ ಅಪ್ಪಂದಿರು ಲೋಕದಲ್ಲಿ ಕಡಿಮೆಯಿಲ್ಲ. ಪೆಡಲಿಲ್ಲದ ಸೈಕಲ್ಲನ್ನು ಮಗು ಕಾಲಲ್ಲಿ ತಳ್ಳಿಕೊಂಡು ಓಡುತ್ತದೆ, ಒಂದು ದಿನ ಎರಡೂ ಕಾಲೆತ್ತಿ ಹತ್ತು ಮಾರು ತೇಲುತ್ತದೆ. ಅಂದೇ ಪೆಡಲು ಹಾಕಬಹುದು. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಿ. ಓರೆಯಾಗಿ ಕೂತದ್ದನ್ನು ಸ್ಪ್ಯಾನರಿನ ಬಲದಿಂದ ಒಳಗೆ ಹೊಗಿಸಿದರೆ ಪೆಡಲು ಕೂರುವ ಅಲ್ಯೂಮಿನಿಯಂ ತೋಳಿನ, ಅಂದರೆ ಕ್ರ್ಯಾಂಕಿನ, ತಿರುಪಿನ ಗೀರುಗಳು ಅರೆದುಹೋಗಿ ಕ್ರ್ಯಾಂಕೇ ಹೊಸದು ಬೇಕಾಗುತ್ತದೆ.

ಗೇರಿನ ಹಳೆ ಸೈಕಲ್ ಕೊಳ್ಳುವವರು ಗಂಟೆ, ಬಣ್ಣ, ಸ್ಟಿಕ್ಕರು ನೋಡುವ ಮೊದಲು ಚೈನಿನ ಮೇಲೆ ಸ್ಕೇಲಿಡಲಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೇ ಪಿನ್ನಿಗೆ ಸರಿಯಾಗಿ 12 ಅಂಗುಲ. ಸವೆದದ್ದು ಉದ್ದವಾಗುತ್ತದೆ. 1/16 ಅಂಗುಲ ಹೆಚ್ಚಿದ್ದರೆ ಚೈನು ಬದಲಿಸಬೇಕು; 1/8 ಹೆಚ್ಚಿದ್ದರೆ ಅದು ಹಲ್ಲಿನ ಚಕ್ರಗಳನ್ನೂ ತಿಂದು ಹಾಕಿರುತ್ತದೆ. ಆಗ ಅಗ್ಗಕ್ಕೆ ಸಿಕ್ಕ ಸೈಕಲ್ಲಿನ ರಿಪೇರಿಯೇ ಅದರ ಬೆಲೆಯನ್ನು ನುಂಗೀತು.

ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ ಹೊತ್ತು, ನಿಲ್ಲಿಸಿ, ಎರಡೂ ಪಾದ ಅಳೆದು, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬಿಡಿ. ಎರಡು ಸೈಜು ದೊಡ್ಡದು ತಂದು ತುದಿಗೆ ಬಟ್ಟೆ ತುರುಕಿದರೆ ಹಿಮ್ಮಡಿಗೆ ಬೊಬ್ಬೆ, ಓಟಕ್ಕೆ ಮುಗ್ಗರಿಕೆ.

ಇವೆಲ್ಲ ಮಗುವಿನ ಜೊತೆ ಬೆಳೆಯುವ ಸಾಮಾನು. ಚಿತ್ರಕಲೆಯಂಥದ್ದರಲ್ಲಿ ಬೆಳೆಯುವ ತಾಪತ್ರಯವಿಲ್ಲ, ಸವೆಯುವ ತಾಪತ್ರಯ. ಅಲ್ಲಿ ಅಂಗಡಿಯವರು ಮಾರುವುದು ಎಣಿಕೆಯನ್ನು: 36 ಬಣ್ಣ, 12 ಕುಂಚ. ಜಲವರ್ಣಕ್ಕೆ ಒಂದು ಕೆಂಪು, ಒಂದು ಹಳದಿ, ಒಂದು ನೀಲಿ, ಜೊತೆಗೆ ಒಂದು ಕಂದು ಸಾಕು. ಗಾಢ ನೀಲಿಯೂ ಕಂದೂ ಸೇರಿದರೆ ಡಬ್ಬಿಯ ಕಪ್ಪಿಗಿಂತ ಜೀವವಿರುವ ಕಪ್ಪು ಬರುತ್ತದೆ. ಕುಂಚ ಒಂದೇ, ಎಂಟನೇ ನಂಬರಿನ ದುಂಡನೆಯದು, ಆದರೆ ಒದ್ದೆ ಮಾಡಿದಾಗ ತುದಿ ಚೂಪಾಗುವಂಥದ್ದು. ಅದನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಮರೆತರೆ ತುದಿ ಕೊಕ್ಕೆಯಾಗುತ್ತದೆ, ಹಿಡಿಯ ಮರ ಉಬ್ಬಿ ಬಣ್ಣ ಸಿಡಿಯುತ್ತದೆ, ಲೋಹದ ಪಟ್ಟಿಯೊಳಗಿನ ಅಂಟು ಬಿಟ್ಟು ಕೂದಲು ಉದುರುತ್ತದೆ. ತೊಳೆದು, ಬೆರಳಲ್ಲಿ ತುದಿ ತೀಡಿ, ಮಲಗಿಸಿ ಒಣಗಿಸಬೇಕು.

ಉಳಿಸಿದ ದುಡ್ಡನ್ನು ಕಾಗದಕ್ಕೆ ಸುರಿಯಿರಿ. ಬರೆಯುವ ಹಾಳೆ ಚದರ ಮೀಟರಿಗೆ 80 ಗ್ರಾಂ ತೂಗುತ್ತದೆ. ನೀರು ಬಿದ್ದ ಕಡೆ ಅದರ ನಾರು ಹಿಗ್ಗಿ ಹಪ್ಪಳದಂತೆ ಏಳುತ್ತದೆ, ಬಣ್ಣ ಹಳ್ಳಕ್ಕೆ ಹರಿದು ಕೂರುತ್ತದೆ. ಮಗು ತನ್ನ ಕೈಯನ್ನೇ ಬೈದುಕೊಳ್ಳುತ್ತದೆ. 300 ಗ್ರಾಂನ ಕಾಗದ ಅಷ್ಟು ಸುಲಭವಾಗಿ ಏಳುವುದಿಲ್ಲ. ಹೊಲಿದ ಪುಸ್ತಕ ತರುವ ಬದಲು 56×76 ಸೆಂಟಿಮೀಟರಿನ ಪೂರ್ತಿ ಹಾಳೆ ತಂದು ಮೂರು ಸಲ ಮಡಿಸಿ ಕತ್ತರಿಸಿದರೆ 28×19ರ ಎಂಟು ತುಂಡು. ಹಿಂಬದಿಯನ್ನೂ ಲೆಕ್ಕ ಹಿಡಿದರೆ ಹದಿನಾರು ಚಿತ್ರ.

ಸಾಮಾನು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಮೇಲೆ ಜಗಳವಾದರೂ ಆಗುತ್ತದೆ. ಕಾಣದ ಖರ್ಚು ವರ್ಷಕ್ಕೊಮ್ಮೆ ಬರುವಂಥದ್ದು: ಪರೀಕ್ಷೆಯ ಶುಲ್ಕ, ಪ್ರದರ್ಶನದ ಉಡುಪು, ಸ್ಪರ್ಧೆಗೆ ಊರೂರು ಅಲೆದಾಟ. ಸೇರಿಸುವ ದಿನವೇ ಮೇಷ್ಟ್ರನ್ನು ಕೇಳಿ ಈ ಮೂರನ್ನೂ ಬರೆದುಕೊಂಡು, ಕೂಡಿ, 12ರಿಂದ ಭಾಗಿಸಿ ತಿಂಗಳ ಶುಲ್ಕಕ್ಕೆ ಸೇರಿಸಿ ನೋಡಬೇಕು. ಆ ಮೊತ್ತವೇ ಹವ್ಯಾಸದ ನಿಜವಾದ ತಿಂಗಳ ಬಾಡಿಗೆ. ಪ್ರತಿ ತಿಂಗಳೂ ಅಷ್ಟನ್ನು ಬೇರೆ ಲಕೋಟೆಯಲ್ಲಿ ಎತ್ತಿಟ್ಟರೆ ಉಡುಪಿನ ತಿಂಗಳು ದಿನಸಿಗೆ ಕತ್ತರಿ ಬೀಳುವುದಿಲ್ಲ. ಹೊತ್ತಿಗೂ ಇದೇ ಲೆಕ್ಕ. ಒಂದು ಗಂಟೆಯ ಪಾಠ, ಹೋಗಲು 40 ನಿಮಿಷ, ಬರಲು 40, ವಾರಕ್ಕೆ ಎರಡು ಸಲ: ನಾಲ್ಕು ಗಂಟೆ ನಲವತ್ತು ನಿಮಿಷ, ಮಗುವಿಗಲ್ಲದೆ ಕರೆದೊಯ್ಯುವವರಿಗೂ. ಅದೇ ಪಾಠಕ್ಕೆ ಬರುವ ಇನ್ನೊಂದು ಮನೆಯವರೊಡನೆ ಸರದಿ ಹಾಕಿಕೊಂಡರೆ ದೊಡ್ಡವರ ಪಾಲು ಅರ್ಧಕ್ಕಿಳಿಯುತ್ತದೆ. ಇಬ್ಬರು ಮಕ್ಕಳಿದ್ದರೆ, ಪಾಠದ ಗುಣಕ್ಕಿಂತ ಇಬ್ಬರಿಗೂ ಒಂದೇ ಹೊತ್ತಿಗೆ ಪಾಠ ಸಿಗುವುದೇ ಎಷ್ಟೋ ಸಲ ದೊಡ್ಡ ಭಾಗ್ಯ.

ಎರಡನೆಯ ಮಗು ಎಂದಾಗ ನೆನಪಾಯಿತು, ಅಕ್ಕನ ಪಿಟೀಲು ತಮ್ಮನಿಗಾಗುತ್ತದೆಂದು ಎತ್ತಿಡುವವರು ನಾಲ್ಕೂ ತಂತಿಯನ್ನು ಒಟ್ಟಿಗೆ ಪೂರ್ತಿ ಸಡಿಲಿಸಬಾರದು. ಒಡಲೊಳಗೆ ಒಂದು ಪುಟ್ಟ ಕಡ್ಡಿ, ಸೌಂಡ್ ಪೋಸ್ಟ್, ಯಾವ ಅಂಟೂ ಇಲ್ಲದೆ ಬರೀ ತಂತಿಯ ಒತ್ತಡದಲ್ಲಿ ನಿಂತಿರುತ್ತದೆ. ಬಿಗಿ ಹೋದರೆ ಅದು ಬೀಳಬಹುದು, ಮತ್ತೆ ನಿಲ್ಲಿಸಲು ಪಿಟೀಲು ರಿಪೇರಿ ಬಲ್ಲವರೇ ಬೇಕು. ತಂತಿಯನ್ನು ತುಸುವೇ ಇಳಿಸಿ, ಕಮಾನಿನ ಕೂದಲನ್ನು ಮಾತ್ರ ಸಡಿಲಿಸಿ, ರಾಳದ ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಡಿ.

ಇಷ್ಟೆಲ್ಲ ಜೋಪಾನ ಮಾಡಿಟ್ಟ ಮೇಲೆ ತಮ್ಮ ಬೆಳೆದು ‘ನಂಗೆ ಡ್ರಮ್ ಬೇಕು’ ಅನ್ನುತ್ತಾನೆ. ಗಾಬರಿ ಬೇಡ. ಅವನಿಗೆ ಮೊದಲ ಕೆಲವು ತಿಂಗಳು ಒಂದು ರಬ್ಬರ್ ಪ್ಯಾಡು, ಒಂದು ಜೊತೆ ಕೋಲು ಸಾಕು; ಪುಟ್ಟ ಕೈಯಾದರೆ 5ಎ ಬದಲು 7ಎ ಕೋಲು ಕೇಳಿ, ಅಲ್ಲಿ ಸಾಮಾನ್ಯವಾಗಿ ನಂಬರು ಏರಿದಷ್ಟೂ ಕೋಲು ತೆಳುವು. ಪಕ್ಕದ ಮನೆಯವರೂ ಅಲ್ಲಿಯವರೆಗೆ ನೆಮ್ಮದಿಯಾಗಿರುತ್ತಾರೆ.