ಕಲ್ಪಿತ ನಾಡಿಗೆ ನಿಜ ನಾಡಿನ ಕಟ್ಟಡ ಬೇಕೆ?

ಪ್ರಶ್ನೆ: ಫ್ಯಾಂಟಸಿ ವಿಡಿಯೊ ಗೇಮ್‌ಗಳು ತಮ್ಮ ಊರು, ಕೋಟೆ, ಗುಡಿಗಳನ್ನು ಕಟ್ಟುವಾಗ ನಿಜವಾದ ಜನರ ವಾಸ್ತುಶೈಲಿಯನ್ನು ಎರವಲು ತರುವುದು ಸರಿಯೇ?

ಪರ: ನೋಡಿದೊಡನೆ ಓದಲು ಬರುವ ಚರಿತ್ರೆ

2002ರಲ್ಲಿ ಬಂದ ‘ಮಾರೋವಿಂಡ್’ ಆಟದಲ್ಲಿ ಬಾಲ್ಮೋರಾ ಎಂಬ ಊರಿದೆ. ಮಣ್ಣು ಮೆತ್ತಿದಂಥ ಗೋಡೆಗಳು, ಚಪ್ಪಟೆ ತಾರಸಿ, ನಡುವೆ ಹರಿಯುವ ಹೊಳೆ. ಊರು ದಾಟಿ ಸ್ವಲ್ಪ ನಡೆದರೆ ಎದುರಾಗುವುದು ಯುರೋಪಿನ ಮಧ್ಯಯುಗದಿಂದ ಎದ್ದು ಬಂದಂಥ ಕಲ್ಲಿನ ಕೋಟೆ. ಸುತ್ತಲಿನ ಯಾವ ಮನೆಗೂ ಅದರ ಹೋಲಿಕೆಯಿಲ್ಲ. ಅದು ಸಾಮ್ರಾಜ್ಯದ ಸೈನಿಕರ ಠಾಣೆ. ಈ ನಾಡನ್ನು ಹೊರಗಿನವರು ಆಳುತ್ತಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ಆಟಗಾರನಿಗೆ ಅದು ಗೊತ್ತಾಗಿರುತ್ತದೆ. ಕೋಟೆ ಪರಿಚಿತ ರೂಪದಲ್ಲಿ ಇರುವುದರಿಂದಲೇ ಇದು ಸಾಧ್ಯವಾಯಿತು. ಬುರುಜು ಎಂದರೆ ದಂಡು, ದಂಡು ಎಂದರೆ ದೊರೆ ಎಂಬುದನ್ನು ನಾವು ನಮ್ಮ ಲೋಕದಲ್ಲೇ ಕಲಿತಿದ್ದೇವೆ.

ಅದೇ ಸರಣಿಯ ‘ಸ್ಕೈರಿಮ್’ (2011) ಇದನ್ನೇ ಇನ್ನೂ ಆಳಕ್ಕೆ ಒಯ್ದಿತು. ಅದರ ಮಾರ್ಕಾರ್ತ್ ನಗರವನ್ನು ಕಟ್ಟಿದವರು ಡ್ವೆಮರ್ ಎಂಬ, ಈಗ ಅಳಿದುಹೋಗಿರುವ ಜನ. ಅವರ ಬಂಡೆಯ ಮನೆಗಳಲ್ಲಿ, ಹೊಳೆಯುವ ಲೋಹದ ಬಾಗಿಲುಗಳ ಹಿಂದೆ, ಈಗ ಬೇರೆಯವರ ಸಂಸಾರ. ಬಿಟ್ಟುಹೋದವರ ಕಲ್ಲಿನೊಳಗೆ ಬಂದವರು ಬದುಕು ಹೂಡುವುದು ನಿಜ ಚರಿತ್ರೆಯಲ್ಲೂ ನಡೆದದ್ದೇ. ಕ್ರೊಯೇಷಿಯಾದ ಸ್ಪ್ಲಿಟ್ ನಗರದ ಹಳೆಯ ಭಾಗ ಬೆಳೆದದ್ದು ರೋಮ್‌ನ ಚಕ್ರವರ್ತಿ ಡಯೊಕ್ಲೀಷಿಯನ್ ತನ್ನ ನಿವೃತ್ತಿಗೆಂದು ಕಟ್ಟಿಸಿದ ಅರಮನೆಯ ಗೋಡೆಗಳ ಒಳಗೆ. ಇಂದಿಗೂ ಅಲ್ಲಿ ಜನ ವಾಸವಿದ್ದಾರೆ. ಅದೇ ಸ್ಕೈರಿಮ್‌ನ ವೈಟ್‌ರನ್ ಊರಿನ ಯೋಧರ ಹಜಾರಕ್ಕೆ ಮಾಡಾಗಿರುವುದು ಬೋರಲು ಹಾಕಿದ ಹಡಗು. ಕಡಲು ದಾಟಿ ಬಂದ ಪೂರ್ವಜರ ಹಡಗು ಅದು ಎನ್ನುತ್ತದೆ ಕತೆ. ಉತ್ತರ ಯುರೋಪಿನ ಕಡಲಯೋಧರಾದ ವೈಕಿಂಗರು ಹಡಗಿನಂತೆ ನಡು ಉಬ್ಬಿದ ಗೋಡೆಗಳ ಹಜಾರಗಳನ್ನು ಕಟ್ಟುತ್ತಿದ್ದರು. ನಾರ್ವೆಯ ಬೋರ್ಗುಂಡ್‌ನಲ್ಲಿ 12ನೆಯ ಶತಮಾನದ ಮರದ ಚರ್ಚಿನ ಮಾಡಿನಂಚಿಗೆ ಡ್ರ್ಯಾಗನ್ ತಲೆಗಳಿವೆ. ಈ ಪರಂಪರೆಯ ಆಸ್ತಿ ಕೈಯಲ್ಲಿ ಇಲ್ಲದಿದ್ದರೆ ಆ ಹಜಾರ ಬರೀ ವಿಚಿತ್ರ ಆಕಾರವಾಗಿ ಉಳಿಯುತ್ತಿತ್ತು.

ತಮ್ಮ ನೆಲದ ಕಟ್ಟಡವನ್ನು ತಾವೇ ಆಟಕ್ಕೆ ತರುವವರ ವಿಷಯದಲ್ಲಂತೂ ನನಗೆ ಅನುಮಾನವೇ ಇಲ್ಲ. ಪೋಲೆಂಡಿನ ಸ್ಟುಡಿಯೊ ಮಾಡಿದ ‘ದಿ ವಿಚರ್ 3’ರಲ್ಲಿ (2015) ವೆಲೆನ್‌ನ ಹುಲ್ಲು ಮಾಡಿನ ಗುಡಿಸಲುಗಳಿಂದ ನೋವಿಗ್ರಾಡ್‌ನ ಇಟ್ಟಿಗೆ ನಗರಕ್ಕೆ ಬಂದರೆ, ಯುದ್ಧಕ್ಕೆ ಸಿಕ್ಕು ಸುಟ್ಟವರು ಯಾರು, ದುಡ್ಡು ಮಾಡಿದವರು ಯಾರು ಎಂಬುದು ಮಾಡು ನೋಡಿದರೇ ತಿಳಿಯುತ್ತದೆ. ಚೀನಾದ ‘ಬ್ಲ್ಯಾಕ್ ಮಿತ್: ವುಕಾಂಗ್’ (2024) ಶಾನ್ಶಿ ಪ್ರಾಂತ್ಯದ ಹಳೆಯ ಗುಡಿಗಳನ್ನು ಸ್ಕ್ಯಾನ್ ಮಾಡಿ ತನ್ನ ಲೋಕಕ್ಕೆ ತಂದಿತು. ಆಟ ಬಂದ ಮೇಲೆ ಆ ಗುಡಿಗಳಿಗೆ ಜನ ಮುಗಿಬಿದ್ದರು. ಮಾಡಿನ ಭಾರ ಹೊರುವ ಮರದ ಚಾಚುಪೀಠ, ಬಣ್ಣ ಮಾಸಿದ ಮಣ್ಣಿನ ಮೂರ್ತಿ ನೋಡಲು ಹದಿಹರೆಯದವರು ರೈಲು ಹತ್ತಿ ಹೋಗುವಂತೆ ಮಾಡಿದ ಪಠ್ಯಪುಸ್ತಕ ಯಾವುದಿದೆ?

ವಿರೋಧ: ರೂಪ ಬಂತು, ಕಾರಣ ಬರಲಿಲ್ಲ

ಕನ್ನಡಿಗರಿಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಪೂರ್ತಿ ಫ್ಯಾಂಟಸಿಯಲ್ಲ, ನಿಧಿ ಹುಡುಕುವ ಸಾಹಸದ ಆಟ. ಆದರೆ ಪಶ್ಚಿಮಘಟ್ಟದ ಕಾಡಿನಲ್ಲಿ ಅದು ತೋರಿಸುವ ಹೊಯ್ಸಳರ ಅವಶೇಷಗಳು ಕಲ್ಪಿತವೇ. ಅಲ್ಲಿ ಆಕಾಶಕ್ಕೆ ಚಾಚಿದ ದೈತ್ಯ ಮೂರ್ತಿಗಳಿವೆ, ನೆಗೆದು ಹಿಡಿದು ಹತ್ತಲು ಬಂಡೆಯ ಅಂಚುಗಳಿವೆ. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಹೊಯ್ಸಳರು ಮಾತ್ರ ಅಲ್ಲಿಲ್ಲ.

ಹೊಯ್ಸಳ ಗುಡಿಯ ಹೆಚ್ಚುಗಾರಿಕೆ ಎತ್ತರದಲ್ಲಿ ಇಲ್ಲ. ಅದರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಹಾಗಾಗಿಯೇ ಉಳಿ ಅಷ್ಟು ಸಣ್ಣ ಕೆಲಸಕ್ಕೆ ಇಳಿಯಿತು, ಕಂಬಗಳು ಕಡೆದಂತೆ ನುಣುಪಾದವು. ನಕ್ಷತ್ರಾಕಾರದ ಜಗತಿಯ ಮೇಲೆ ಬಲಕ್ಕೆ ಸುತ್ತು ಹಾಕುತ್ತ ಹೋದರೆ ಆನೆ, ಕುದುರೆ, ಬಳ್ಳಿ, ರಾಮಾಯಣ, ಭಾರತ ಎಲ್ಲವೂ ಪಟ್ಟಿಪಟ್ಟಿಯಾಗಿ ಕಣ್ಣಿನ ಮುಂದೆ ಸಾಗುತ್ತವೆ. ಗೋಡೆ ಅಷ್ಟೊಂದು ಮೂಲೆಗಳಾಗಿ ಮುರಿದುಕೊಂಡದ್ದರಿಂದ ಬೆಳಕು ಹೊತ್ತುಹೊತ್ತಿಗೂ ಬೇರೆ ಶಿಲ್ಪವನ್ನು ಎತ್ತಿ ತೋರಿಸುತ್ತದೆ. ನಡೆಯುವ ಭಕ್ತನಿಗೆಂದು, ನಿಧಾನಕ್ಕೆಂದು ಆದ ಕಟ್ಟಡವದು. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿ ಹೋದರು. ಶಿಲ್ಪಿಗೆ ತನ್ನ ಹೆಸರು ಹಾಕಿಕೊಳ್ಳುವ ಮಾನ ಇದ್ದ ಸಮಾಜ ಅದು. ಇದಕ್ಕಿಂತ ದೊಡ್ಡ ಚರಿತ್ರೆ ಆ ಗೋಡೆಯಲ್ಲಿ ಇನ್ನೇನಿದೆ? ಓಡಿ, ನೆಗೆದು, ಗುಂಡು ಹಾರಿಸುವ ಆಟಗಾರನ ಕಣ್ಣಿಗೆ ಇದು ಬೀಳುವುದೇ ಇಲ್ಲ. ಲೋಕದ ಮೂಲೆಮೂಲೆಯ ಎಷ್ಟೋ ಆಟಗಾರರಿಗೆ ಹೊಯ್ಸಳ ಎಂಬ ಹೆಸರು ಮೊದಲು ಕಿವಿಗೆ ಬಿದ್ದದ್ದು ಈ ಆಟದಿಂದಲೇ ಇರಬಹುದು. ಹೆಸರು ಸಿಕ್ಕಿತು, ಚಿತ್ರ ತಪ್ಪಾಗಿ ಸಿಕ್ಕಿತು.

ಪರವಾದಿಗಳು ಮೆಚ್ಚುವ ಮಾರೋವಿಂಡ್‌ನಲ್ಲೇ ಅವರ ವಾದಕ್ಕೆ ಉತ್ತರವೂ ಇದೆ. ಅಲ್ಲಿನ ಟೆಲ್ವಾನಿ ಮನೆತನದ ಮಾಂತ್ರಿಕರು ಗೋಪುರಗಳನ್ನು ಕಟ್ಟುವುದಿಲ್ಲ, ದೈತ್ಯ ಅಣಬೆಗಳಾಗಿ ಬೆಳೆಸುತ್ತಾರೆ. ಮಾಂತ್ರಿಕನಿರುವ ಮೇಲಿನ ಕೋಣೆಗೆ ಮೆಟ್ಟಿಲಿಲ್ಲ, ಗಾಳಿಯಲ್ಲಿ ತೇಲುವ ಮಂತ್ರ ಬಲ್ಲವನಷ್ಟೇ ಹೋಗಬಲ್ಲ. ಬಾರದವರು ಕೆಳಗೇ ನಿಲ್ಲಬೇಕು. ಆ ಜನರ ಸೊಕ್ಕು, ಮೇಲುಕೀಳು, ಒಂಟಿತನ ಎಲ್ಲವನ್ನೂ ಇಲ್ಲದ ಮೆಟ್ಟಿಲೊಂದು ಹೇಳಿಬಿಟ್ಟಿದೆ. ಯಾವ ದೇಶದಿಂದಲೂ ಇದನ್ನು ಎರವಲು ತರಬೇಕಾಗಲಿಲ್ಲ. ರೆಡೊರಾನ್ ಮನೆತನದವರು ಸತ್ತ ದೈತ್ಯ ಏಡಿಯ ಚಿಪ್ಪಿನೊಳಗೆ ಮನೆ ಮಾಡಿಕೊಂಡದ್ದೂ ಹೀಗೆಯೇ.

ಎರವಲು ಸುಲಭವಾದಾಗ ಮುದ್ರೆಗಳು ಹುಟ್ಟುತ್ತವೆ. ಗುಮ್ಮಟವೂ ಸಂತೆಯೂ ಇದ್ದರೆ ಮರುಭೂಮಿಯ ಮೋಸದ ವ್ಯಾಪಾರಿಗಳು, ಬಳ್ಳಿ ಸುತ್ತಿದ ಗುಡಿಯಿದ್ದರೆ ನಿಧಿ ಮತ್ತು ಶಾಪ. ಯುರೋಪಿನ ರೂಪಗಳಿಗೆ ಹತ್ತು ಬಗೆಯ ಊರುಗಳು ಸಿಗುವ ಎಷ್ಟೋ ಆಟಗಳಲ್ಲಿ ಏಷ್ಯಾಕ್ಕೆಲ್ಲ ಸೇರಿ ಒಂದೇ ಊರು. ತಮ್ಮದನ್ನು ತಾವೇ ತಂದವರೂ ಇದರಿಂದ ಪೂರ್ತಿ ಪಾರಾಗಿಲ್ಲ. 5ನೆಯ ಶತಮಾನದ ಯುನ್‌ಗಾಂಗ್ ಗುಹೆಗಳು, 857ರ ಫೋಗುವಾಂಗ್ ಗುಡಿಯ ಪೂರ್ವ ಮಂಟಪ, ಮಿಂಗ್ ಅರಸರ ಕೊನೆಗಾಲದ (17ನೆಯ ಶತಮಾನ) ಷಿಯಾವ್‌ಷಿಟಿಯನ್ ಗುಡಿ ಎಲ್ಲವೂ ಶಾನ್ಶಿಯಿಂದ ವುಕಾಂಗ್‌ನ ಒಂದೇ ಕತೆಗೆ ಬಂದಿವೆ. ಅವುಗಳ ನಡುವಿನ ಸಾವಿರ ವರ್ಷಗಳು ಆಟದಲ್ಲಿ ಕಾಣುವುದಿಲ್ಲ.

ನಾಳೆ ಯಾವುದಾದರೂ ಸ್ಟುಡಿಯೊ ತನ್ನ ಕಲ್ಪಿತ ರಾಜ್ಯಕ್ಕೆ ಹೊಯ್ಸಳ ಕಂಬ ಬೇಕೆಂದರೆ ನಾನು ಕೇಳುವುದು ಇಷ್ಟು: ಆ ರಾಜ್ಯದಲ್ಲಿ ಮೆದು ಕಲ್ಲು ಸಿಗುತ್ತದೆಯೇ? ಕಡೆದವರಿಗೆ ಕೂಲಿ ಕೊಟ್ಟವರು ಯಾರು? ಗುಡಿಯನ್ನು ಸುತ್ತುವವರು ಯಾರು, ಹೊರಗೇ ನಿಲ್ಲಬೇಕಾದವರು ಯಾರು? ಉತ್ತರ ಸಿದ್ಧವಿಲ್ಲದಿದ್ದರೆ ಕಂಬವನ್ನು ಹಳೇಬೀಡಿನಲ್ಲೇ ಬಿಟ್ಟು, ತಮ್ಮ ನಾಡಿಗೆ ತಮ್ಮದೇ ಕಂಬವನ್ನು ಮಾಡಿಕೊಳ್ಳಲಿ.